ಹದಿನಾಲ್ಕನೆಯ ಹೆಬ್ಬೆಟ್ಟು

"ನಾನೆಂತ ಮಾಡೂದು ಹೇಳಿ ರೋಹಿಣಕ್ಕಾ? ಹೊಗೆ ನನ್ನ ಮೇಜಿನ ತನಕ ಬರೂದಿಲ್ಲ, ಅರ್ಜಿ ಬತ್ತದೆ. ಅರ್ಜಿ ಬಂದ್ಮೇಲೆ ನಾ ಬರ್ಲೇಬೇಕು. ಬಂದೆ."

ರಾಜೇಶ ಕೊಡೆ ಮಡಚಿ ಬೇಕರಿಯ ಗೋಡೆಗೆ ಆನಿಸಿದ. ಕಂಕುಳಲ್ಲಿದ್ದ ಫೈಲನ್ನು ತೆಗೆದು ಗಾಜಿನ ಕಪಾಟಿನ ಮೇಲೆ ಮೆಲ್ಲಗೆ, ಹಾವಿನ ಬುಟ್ಟಿ ಇಡುವವನ ಹಾಗೆ ಇಟ್ಟ. ಊರಿನ ಪಂಚಾಯಿತಿ ಆಫೀಸಿನಲ್ಲಿ ಗಟಾರ, ಕಸ, ಹೋಟೆಲು ಇತ್ಯಾದಿಗಳ ಮೇಲ್ವಿಚಾರಣೆ ಅವನದು. ಪ್ರತಿ ಶನಿವಾರ ತಪ್ಪದೆ ಬಂದು ಅಮ್ಮನಿಗೆಂದು ಒಂದು ಹುಳಿ ಬ್ರೆಡ್ ಒಯ್ಯುವವನೂ ಅವನೇ. ಇವತ್ತು ಮಂಗಳವಾರ. ಅವನು ಬ್ರೆಡ್ಡಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಎಂತ ಅರ್ಜಿ?" ಎಂದಳು ರೋಹಿಣಿ.

"ಒಲೆ ಹೊಗೆಯಿಂದ ಕೇರಿಯವರಿಗೆ ಇರೂಕೆ ಆಗೂದಿಲ್ಲ ಹೇಳಿ. ಏಳು ದಿನದ ಒಳಗೆ ಕೊಟ್ಟವರು ಬಂದು ಅರ್ಜಿ ಹಿಂದೆ ತಕಂಡ್ರೆ ಮುಗೀತು. ಇಲ್ದಿದ್ರೆ ಒಲೆ ಬಂದ್ ಮಾಡ್ಬೇಕು."

"ಕೇರಿಯವರಿಗಾ?" ರೋಹಿಣಿಗೆ ನಗು ಬಂತು. "ಬೇರೆ ಯಾವುದೋ ಕೇರಿದು ಇಲ್ಲಿ ತಂದಿದ್ರಿ ನೀವು. ನಮ್ಮ ಕೇರಿಯವ್ರ ಹಪ್ಪಳ ಈಗ ನಮ್ಮ ಒಲೆ ಒಳಗೆ ಮಲಗಿದೆ. ಬೇಕಾದ್ರೆ ಬಂದು ನೋಡಿ. ಯಾರು ಕೊಟ್ಟದ್ದು?"

"ಹೆಸ್ರು ಹೇಳೂಕೆ ಇಲ್ಲ."

"ಎಷ್ಟು ಜನ?"

"ಹದಿನಾಲ್ಕು."

ರೋಹಿಣಿಯ ನಗು ಅಲ್ಲಿಗೆ ನಿಂತಿತು. ಬಂದರಿನ ಹಿಂದಿನ ಆ ಕೇರಿಯಲ್ಲಿ ಇರುವುದೇ ಇಪ್ಪತ್ತು ಮನೆ. ರಾಜೇಶ ಫೈಲನ್ನು ಬಿಚ್ಚಿದ, ಹಾಳೆಯ ಮೇಲೆ ಬೆರಳಾಡಿಸಿದ, ಮುಚ್ಚುವುದನ್ನು ಮರೆತವನಂತೆ ಹಿಂದೆ ಸರಿದ.

"ಬಾವಿ ಹಿಂದೆ ಅಲ್ದಾ? ಕೈ ತೊಳ್ಕಂಡು ಬತ್ತೆ. ನಂಗೆ ಕೈ ತೊಳೂಕೆ ಸ್ವಲ್ಪ ಹೊತ್ತು ಬೇಕು, ಅವಸರ ಮಾಡೂದು ಬೇಡ."

ಒಳ್ಳೆಯ ಮನುಷ್ಯ. ಅವನು ಕೈ ತೊಳೆಯುತ್ತಿರಲಿ; ಅಷ್ಟರೊಳಗೆ ಈ ಬೇಕರಿಯ ಕಥೆ ಹೇಳಿಬಿಡಬೇಕು. ಹೊನ್ನಾವರದ ಒಂದು ಗಲ್ಲಿಯಲ್ಲಿ ಆಸ್ಟ್ರಿಯಾ ದೇಶದ ಬ್ರೆಡ್ ಬೇಯುವುದು ಹೇಗೆ ಎಂದು ಯಾರಿಗಾದರೂ ಅನ್ನಿಸಬಹುದು.

ರೋಹಿಣಿಯ ಗಂಡ ತಿಮ್ಮಪ್ಪ, ಕುಮಟೆಯ ಆಚೆ ಗೋಕರ್ಣದ ಕಡಲ ದಂಡೆಯಲ್ಲಿ ಹನ್ನೊಂದು ವರ್ಷ ಆಸ್ಟ್ರಿಯಾದಿಂದ ಬಂದ ಉರ್ಸುಲಾ ಎಂಬ ಹೆಂಗಸಿನ ಬೇಕರಿಯಲ್ಲಿ ಕೆಲಸ ಮಾಡಿದವನು. ಪಾತ್ರೆ ತೊಳೆಯಲು ಸೇರಿದವನು ಹಿಟ್ಟು ನಾದಲು ಕಲಿತ, ಹಿಟ್ಟು ನಾದುತ್ತ ಒಲೆಯ ಮುಂದೆ ನಿಂತ. ಕೊರೊನಾ ವರ್ಷ ಉರ್ಸುಲಾ ತನ್ನ ದೇಶಕ್ಕೆ ಹೊರಟಳು. ಹೊರಡುವಾಗ ತಿಮ್ಮಪ್ಪನ ಕೈಗೆ ಎರಡು ವಸ್ತು ಕೊಟ್ಟಳು: ಬ್ರೆಡ್ಡನ್ನು ಒಲೆಯೊಳಗೆ ದೂಡುವ ಉದ್ದ ಮರದ ಹುಟ್ಟು, ಮತ್ತು ಇಪ್ಪತ್ತು ವರ್ಷದಿಂದ ಸಾಯದಂತೆ ಸಾಕಿಕೊಂಡು ಬಂದ ಹುಳಿಹಿಟ್ಟಿನ ಭರಣಿ. ತಿಮ್ಮಪ್ಪ ಊರಿಗೆ ಬಂದು, ಮನೆಯ ಮುಂದಿನ ಚಾವಡಿಯಲ್ಲಿ ಚಿರೇಕಲ್ಲು ಮತ್ತು ಕೆಮ್ಮಣ್ಣಿನಿಂದ ತಾನೇ ಗುಮ್ಮಟದಂಥ ಒಲೆ ಕಟ್ಟಿದ. ಬಾಗಿಲ ಮೇಲೆ 'ಉರ್ಸುಲಾ ಬೇಕರಿ' ಎಂದು ಬೋರ್ಡು ಹಾಕಿದ. ಕೇರಿಯವರ ಬಾಯಲ್ಲಿ ಅದು ಉರ್ಸಲಮ್ಮನ ಬೇಕರಿಯಾಯಿತು. ಹೊಸಬರೊಬ್ಬರು ಅದು ಯಾವುದೋ ಅಮ್ಮನವರ ಹೆಸರೆಂದು ಚಪ್ಪಲಿ ಬಿಟ್ಟು ಒಳಗೆ ಬಂದದ್ದೂ ಉಂಟು.

ಮೊದಲ ದಿನ ಆ ಬ್ರೆಡ್ಡನ್ನು ನೋಡಿ ಕೇರಿ ಬಿದ್ದು ಬಿದ್ದು ನಕ್ಕಿತ್ತು. "ತಿಮ್ಮಪ್ಪಾ, ಇದು ತಿನ್ನೂಕೋ, ಪಾಗಾರ ಕಟ್ಟೂಕೋ?" ಎಂದು ಎದುರು ಮನೆಯ ನಾರಾಯಣಣ್ಣ ಬ್ರೆಡ್ಡಿನ ಮೇಲೆ ಬೆರಳಿನಿಂದ ಟಕಟಕ ಬಡಿದು ತೋರಿಸಿದ್ದ. ಆಮೇಲೆ ಯಾರೋ ಆ ಗಟ್ಟಿ ಬ್ರೆಡ್ಡಿನ ತುಂಡನ್ನು ಬಂಗಡೆ ಸಾರಿನಲ್ಲಿ ಅದ್ದಿ ತಿಂದರು. ನಗು ನಿಂತಿತು. ಎರಡೇ ತಿಂಗಳಲ್ಲಿ ಕೇರಿ ಪ್ರತಿಯೊಂದಕ್ಕೂ ತನ್ನದೇ ಹೆಸರಿಟ್ಟುಕೊಂಡಿತು. ಉದ್ದದ್ದು ದೊಣ್ಣೆ. ಪದರು ಪದರಾಗಿ, ಎರಡು ಕೊಂಬು ಬಾಗಿಸಿಕೊಂಡು ಬೆಣ್ಣೆ ಸೋರುವುದು ಏಡಿ. "ನಾಕು ಏಡಿ, ಒಂದು ದೊಣ್ಣೆ ಕೊಡೇ" ಎಂದು ಯಾರಾದರೂ ಕೂಗಿದರೆ ಹೊರಗಿನವರು ಹೆದರಬೇಕು. ಶುಕ್ರವಾರ ಭಟ್ಕಳದ ಮನೆಗಳಿಗೆ ಬಸ್ಸಿನಲ್ಲಿ ಪಾರ್ಸೆಲ್ ಹೋಗುತ್ತದೆ; ವಾರಕ್ಕೆರಡು ದಿನ ತಿಮ್ಮಪ್ಪ ಸ್ಕೂಟರಿನಲ್ಲಿ ಕುಮಟೆಗೆ ಒಯ್ಯುತ್ತಾನೆ; ಶರಾವತಿಯಲ್ಲಿ ದೋಣಿ ಸುತ್ತಲು ಬರುವ ಪ್ರವಾಸಿಗರು ಉಳಿದದ್ದನ್ನು ಮುಗಿಸುತ್ತಾರೆ.

ಆದರೆ ಕೇರಿ ಆ ಒಲೆಯನ್ನು ತನ್ನದೆಂದು ತಿಳಿದದ್ದು ಬ್ರೆಡ್ಡಿನಿಂದಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಕೊನೆಯ ಬ್ರೆಡ್ ಹೊರಬಂದ ಮೇಲೆ ಒಲೆ ಸಂಜೆಯ ತನಕ ಬಿಸಿಯಾಗಿಯೇ ಇರುತ್ತದೆ. ಮೊದಲ ಮಳೆಗಾಲದಲ್ಲಿ ಮೂರನೇ ಮನೆಯ ಪೂರ್ಣಿಮಕ್ಕ ಒಲೆಯ ಬಾಯಿಗೆ ಕೈಯೊಡ್ಡಿ, "ಇಷ್ಟು ಬಿಸಿ ಸುಮ್ನೆ ಹಾಳಾಗ್ತದಲ್ಲೇ ರೋಹಿಣೀ, ನನ್ನ ಹಪ್ಪಳ ಮನೇಲಿ ಬೂಸಲು ಹಿಡೀತಿದೆ" ಎಂದಳು. ಮಾರನೇ ದಿನ ಒಂದು ತಗಡಿನ ತಟ್ಟೆ ತಂದಳು. ಅದರ ಮಾರನೇ ದಿನ ಏಳು ತಟ್ಟೆ ಬಂದವು. ಜೂನ್‌ನಿಂದ ಸೆಪ್ಟೆಂಬರ್ ತನಕ ಕೇರಿಯ ಹಲಸಿನ ಹಪ್ಪಳ, ಸಂಡಿಗೆ, ಮುರುಗಲು ಹಣ್ಣಿನ ಕೆಂಪು ಸಿಪ್ಪೆ, ಮೆಣಸು ಎಲ್ಲ ಅಲ್ಲಿಯೇ ಒಣಗಬೇಕು. ಒಲೆಯ ಅಂಚಿನಲ್ಲಿ ಮಕ್ಕಳ ಶಾಲೆಯ ಬೂಟುಗಳ ಸಾಲು. ಒಣಮೀನು ಒಂದಕ್ಕೆ ಮಾತ್ರ ಪ್ರವೇಶವಿಲ್ಲ. ಅದಕ್ಕೆ ತಿಮ್ಮಪ್ಪ ಕೈಮುಗಿದು ಬೇಡಿಕೊಂಡಿದ್ದ. ಯಾರ ತಟ್ಟೆ ಯಾರದೆಂದು ಜಗಳ ಬಂದಾಗ ಪೂರ್ಣಿಮಕ್ಕನೇ ಕೆಂಪು ಬಣ್ಣದ ಡಬ್ಬಿ ತಂದು ಒಂದೊಂದರ ಅಂಚಿಗೂ ಹೆಸರು ಬರೆದಳು. ಕೇರಿಯಲ್ಲಿ ಬರೆಯುವ ಕೆಲಸ ಏನಿದ್ದರೂ ಅವಳದೇ. ಸ್ವಸಹಾಯ ಸಂಘದ ಕಾರ್ಯದರ್ಶಿ ಅವಳು. ರೇಷನ್ ಕಾರ್ಡು, ಪಿಂಚಣಿ, ಗ್ಯಾಸ್ ಸಂಪರ್ಕ, ಎಲ್ಲದಕ್ಕೂ ಅವಳ ಜಗಲಿಯಲ್ಲಿ ಕೂತು ಬರೆಸಿಕೊಂಡು ಬರುವುದು ರೂಢಿ. ಮುತ್ತು ಪೋಣಿಸಿದಂಥ ಅಕ್ಷರ. ಸಾಲಿನ ಕೊನೆಯ ಅಕ್ಷರದ ಬಾಲವನ್ನು ಮೇಲಕ್ಕೆಳೆದು ಒಂದು ಸಣ್ಣ ಕೊಕ್ಕೆ ಹಾಕುತ್ತಾಳೆ.

ಫೈಲಿನ ಹಾಳೆಯಲ್ಲಿ ಪ್ರತಿ ಸಾಲಿನ ಕೊನೆಗೂ ಆ ಕೊಕ್ಕೆ ಇತ್ತು.

ರೋಹಿಣಿ ಒಂದು ಸಲ ಓದಿದಳು. ನಂಬದೆ ಇನ್ನೊಂದು ಸಲ ಓದಿದಳು. 'ಸದರಿ ಒಲೆಯ ಹೊಗೆಯಿಂದ ನೆರೆಹೊರೆಯವರ ಬದುಕು ಅಸಹನೀಯವಾಗಿದ್ದು' ಎಂದಿತ್ತು. ಐದು ವರ್ಷದ ಹಿಂದೆ ಬೇಕರಿಯ ಲೈಸೆನ್ಸಿಗೆ ಅರ್ಜಿ ಬರೆದದ್ದೂ ಇದೇ ಕೈ. ಅದರಲ್ಲಿ 'ಸದರಿ ಒಲೆಯಿಂದ ನೆರೆಹೊರೆಯವರಿಗೆ ಯಾವುದೇ ತೊಂದರೆ ಇರುವುದಿಲ್ಲ' ಎಂದು ಬರೆದು, ಪೆನ್ನು ಮುಚ್ಚುತ್ತ, "ಬೇಕರಿ ಆದ್ಮೇಲೆ ಮೊದ್ಲ ಬ್ರೆಡ್ ನಂಗೆ, ಹಾಂ?" ಎಂದು ನಕ್ಕಿದ್ದಳು. ಮೊದಲ ಬ್ರೆಡ್ಡು ಅವಳಿಗೇ ಹೋಗಿತ್ತು.

ತಾರೀಖು ಮೇ ಇಪ್ಪತ್ತಾರು. ಕೆಳಗೆ ಸಹಿಗಳ ಸಾಲು. ಒಂದನೆಯದು ಪೂರ್ಣಿಮಾ. ಎರಡನೆಯದು ಅವಳ ಗಂಡ ಉದಯ. ಆಮೇಲೆ ರೂಪಾ, ನಾರಾಯಣ... ರೋಹಿಣಿಯ ಬೆರಳು ಒಂದೊಂದೇ ಹೆಸರಿನ ಮೇಲಿಳಿದು ಕೊನೆಯಲ್ಲಿ ನಿಂತುಬಿಟ್ಟಿತು. ಹದಿನಾಲ್ಕನೆಯದು ಸಹಿಯಲ್ಲ, ಹೆಬ್ಬೆಟ್ಟು. ನೀಲಿ ಶಾಯಿಯ, ಗೆರೆ ಸವೆದ, ಅಗಲವಾದ ಹೆಬ್ಬೆಟ್ಟು. ಪಕ್ಕದಲ್ಲಿ ಅದೇ ಚಂದದ ಅಕ್ಷರ: 'ಮಂಜಿ ಕೋಂ ಗಣಪತಿ ನಾಯ್ಕ.'

ಮಂಜಿ ಎಂದರೆ ರೋಹಿಣಿಯ ಅತ್ತೆ. ತಿಮ್ಮಪ್ಪನ ಹೆತ್ತ ತಾಯಿ.

ಅಷ್ಟರಲ್ಲಿ ರಾಜೇಶ ಕೈ ಒರೆಸಿಕೊಳ್ಳುತ್ತ ಬಂದು, ಯಾವುದನ್ನೂ ನೋಡದೆ ಫೈಲು ಮುಚ್ಚಿದ. ನೋಟೀಸಿಗೆ ರೋಹಿಣಿಯ ಸಹಿ ಪಡೆದ. ಕೊಡೆ ಬಿಡಿಸಿ, ಮಳೆಯಿಲ್ಲ ಎಂದು ಕಂಡು, ಮತ್ತೆ ಮಡಚಿಕೊಂಡು ಹೋದ.

ಅತ್ತೆ ಹಿಂದಿನ ಅಂಗಳದಲ್ಲಿ ಕಾಲು ಚಾಚಿ ಕೂತು, ಒಲೆಗೆ ಬೇಕಾದ ಕರಟಗಳನ್ನು ಒಡೆದು ಬುಟ್ಟಿಗೆ ತುಂಬುತ್ತಿದ್ದಳು. ಎಪ್ಪತ್ತೆಂಟು ವರ್ಷ. ಆ ಒಲೆಗೆ ಮಣ್ಣು ಕಲಸಿ ತುಳಿದವಳು ಅವಳೇ; ಮಗನ ಒಲೆಗೆ ಕರಟ ಬೇರೆ ಯಾರೂ ಒಡೆಯಕೂಡದು ಎಂಬ ಹಟ ಬೇರೆ.

"ಅತ್ತೇ, ಪೂರ್ಣಿಮಕ್ಕ ನಿಮ್ಮ ಹತ್ರ ಯಾವ ಕಾಗ್ದಕ್ಕೆ ಹೆಬ್ಬೆಟ್ಟು ಹಾಕಿಸ್ತು?"

"ಪಿಂಚಣಿದು. ಎಂತಕೆ, ದುಡ್ಡು ಬರೂದು ನಿಂತ್ತಾ?"

"ಇಲ್ಲ. ಯಾವಾಗ?"

"ನಿಂಗೆ ಜ್ವರ ಬಂದು ಮಲಗಿದ್ಯಲ್ಲೇ, ಆವತ್ತು. ಗಂಜಿ ತಂದಿತ್ತು ಪಾಪ. ಅಪ್ಪೆಮಿಡಿ ಸಮೇತ. 'ದೊಡ್ಡಮ್ಮಾ, ಬದ್ಕಿದ್ದೆ ಹೇಳಿ ಸರ್ಕಾರಕ್ಕೆ ಹೇಳ್ಬೇಕು, ಕೈ ಕೊಡಿ' ಹೇಳ್ತು. ಕೊಟ್ಟೆ." ಮಂಜಿ ಕರಟವೊಂದನ್ನು ಕಲ್ಲಿಗೆ ಕುಟ್ಟಿದಳು. "ಎರಡು ಸಲ ಹಾಕಿಸ್ತು. ಬದ್ಕಿರೂಕೆ ಒಂದು ಸಾಲೂದಿಲ್ವಾ ಕೇಳ್ದೆ. ಅದು ನಕ್ಕು ಬಿಡ್ತು. ಗಂಜಿ ಮಾತ್ರ ಚಲೋ ಮಾಡಿತ್ತು."

ಅತ್ತೆಯ ಕೈ ಮತ್ತೊಂದು ಕರಟ ಹುಡುಕುತ್ತಿತ್ತು. ಅವಳಿಗೆ ಹೇಳುವುದಾದರೂ ಹೇಗೆ? ನಿಮ್ಮ ಕೈಯಿಂದಲೇ ನಿಮ್ಮ ಮಗನ ಒಲೆ ಆರಿಸಿದ್ದಾರೆ ಎಂದೇ? ರೋಹಿಣಿ ಒಳಗೆ ಬಂದಳು. ಆ ಗಂಜಿಯನ್ನು ಅವಳೂ ಕುಡಿದಿದ್ದಳು. ಬಿಸಿಬಿಸಿ ಗಂಜಿ ಗಂಟಲಲ್ಲಿಳಿಯುವಾಗ, ಹೆಬಳೆಯಲ್ಲಿರುವ ತನ್ನ ಒಡಹುಟ್ಟಿದವಳೂ ಇಷ್ಟು ಮಾಡುತ್ತಿರಲಿಲ್ಲ ಎಂದುಕೊಂಡದ್ದು ಈಗ ನೆನಪಾಯಿತು.

ತಿಮ್ಮಪ್ಪ ನಾಳೆಯ ಹಿಟ್ಟು ಕಲಸುತ್ತಿದ್ದ. ಎಲ್ಲವನ್ನೂ ಕೇಳಿದ. ಅವನಿಗೆ ಸಿಟ್ಟು ಬರುವುದು ತಡ. ಬಂದರೂ ಅದು ಹಿಟ್ಟಿಗೇ ಹೋಗುತ್ತದೆ. ನಾಲ್ಕು ಸಲ ಜೋರಾಗಿ ಗುದ್ದಿದ, ಮುಗಿಯಿತು.

"ಹೊಗೆ ನಮ್ದೇ ಅಲ್ದನೇ? ಸುಳ್ಳಲ್ಲ ಅಲಾ ಅದು."

"ಹೊಗೆ ಸುಳ್ಳು ಹೇಳಿ ನಾನೆಲ್ಲಿ ಹೇಳ್ದೆ? ಅತ್ತೆ ಹೆಬ್ಬೆಟ್ಟು ಸುಳ್ಳಲ್ದಾ?"

"ಚಿಮಣಿ ಗಿಡ್ಡ ಆಗಿದೆ. ಉದಯ ಮಾಳಿಗೆ ಎತ್ತಿದ ಮೇಲೆ ಹೊಗೆ ನೆಟ್ಟಗೆ ಅವ್ರ ಕಿಟಕಿಗೇ ಹೋಗ್ತದೆ ಕಾಣ್ತದೆ. ಮೇಲೆ ಎರಡು ಪೈಪು ಏರಿಸಿದ್ರೆ ಆತು. ಒಂದು ದಿನದ ಕೆಲ್ಸ. ಹೇಳಿದ್ರೆ ಆವತ್ತೇ ಏರಿಸ್ತಿದ್ದೆ." ಅವನು ಹಿಟ್ಟಿನಿಂದ ಕೈ ತೆಗೆದು ಹೆಂಡತಿಯ ಮುಖ ನೋಡಿದ. "ಹೇಳ್ಲೇ ಇಲ್ಲ ಅಲಾ ಯಾರೂ."

ಕರೆಂಟಿನ ಒಲೆ ತರೋಣವೆಂದರೆ, ಮಳೆಗಾಲದಲ್ಲಿ ಇಲ್ಲಿ ಕರೆಂಟು ನೆಂಟರ ಹಾಗೆ ಬಂದು ಹೋಗುವುದು. ಅಲ್ಲದೆ ಆ ಕಲ್ಲಿನ ಬಿಸಿ ಇಲ್ಲದೆ ಉರ್ಸುಲಾಳ ಬ್ರೆಡ್ ಬೇಯುವುದೂ ಇಲ್ಲ. ಒಲೆ ಹೋದರೆ ಬೇಕರಿ ಹೋಯಿತು. ಅದು ಇಬ್ಬರಿಗೂ ಗೊತ್ತಿತ್ತು.

ಎಂದಿನ ದಿನವಾದರೆ ನಾಲ್ಕು ಗಂಟೆಗೆ ಕೇರಿಯವರೇ ಬಂದು, ಒಂದಿಷ್ಟು ಹರಟೆ ಹೊಡೆದು, ತಮ್ಮ ತಮ್ಮ ತಟ್ಟೆ ಎತ್ತಿಕೊಂಡು ಹೋಗುತ್ತಾರೆ. ಅವತ್ತು ರೋಹಿಣಿ ಮೂರಕ್ಕೇ ಒಲೆಯಿಂದ ತಟ್ಟೆಗಳನ್ನೆಲ್ಲ ಹೊರಗೆಳೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದರ ಮೇಲೊಂದು ಪೇರಿಸಿಕೊಂಡು ತಾನೇ ಮನೆಮನೆಗೆ ಹೊರಟಳು. ಯಾರನ್ನೂ ಏನನ್ನೂ ಕೇಳಬಾರದು ಎಂದು ನಿಶ್ಚಯಿಸಿಕೊಂಡಿದ್ದಳು. ತಟ್ಟೆ ಕೊಡುವುದು, ಮುಖ ನೋಡುವುದು, ಅಷ್ಟೇ.

ಅಷ್ಟೇ ಸಾಕಾಯಿತು. ರಾಜೇಶ ಫೈಲು ಹಿಡಿದು ಬಂದದ್ದನ್ನು ಕೇರಿಯೆಲ್ಲ ಕಿಟಕಿಯಿಂದ ನೋಡಿತ್ತು.

"ಅಯ್ಯೋ, ನೀ ಎಂತಕೆ ಹೊತ್ಕಂಡು ಬಂದ್ಯೇ!" ಮೊದಲ ಮನೆಯ ರೂಪಾ ತಟ್ಟೆಯನ್ನು ಕಸಿದುಕೊಂಡಳು. ರೂಪಾಳ ಕಣ್ಣು ಹಪ್ಪಳದ ಮೇಲೆ, ಬಾಗಿಲ ಮೇಲೆ, ಬೆಕ್ಕಿನ ಮೇಲೆ ಓಡಾಡಿತು. "ರೋಹಿಣೀ, ದೇವ್ರಾಣೆ, ನಂಗೆ ಗಟಾರದ ಅರ್ಜಿ ಹೇಳಿ ಹೇಳಿದ್ರು. ಪೂರ್ಣಿಮಕ್ಕ ಪೆನ್ನು ಕೊಡ್ತು, ನಾ ಒಗ್ಗರಣೆ ಹಾಕ್ತಿದ್ದೆ, ಹಾಕ್ಬಿಟ್ಟೆ."

"ಒಗ್ಗರಣೆಯಾ, ಸಹಿಯಾ?"

"ಎರಡೂ" ಎಂದಳು ರೂಪಾ ಅಳು ಧ್ವನಿಯಲ್ಲಿ.

ಮುಂದಿನ ಮನೆಯವರು ಬಾಗಿಲಿನ ಹಿಂದೆಯೇ ನಿಂತು ಕೈ ಮಾತ್ರ ಹೊರಗೆ ಚಾಚಿ ತಟ್ಟೆ ಪಡೆದರು. ಅದರಾಚೆಯವರು, "ಇವ್ರು ಹಾಕಿದ್ರು, ನಂಗೆ ಗೊತ್ತಿಲ್ಲಾ" ಎಂದು ಗಂಡನ ಮೇಲೆ ಹಾಕಿದರು. ಗಂಡ ಒಳಗಿನಿಂದ, "ನಾ ಎಲ್ಲಿ ಹಾಕಿದೆ, ನೀನೇ ಅಲ್ದಾ ಹಾಕಿದ್ದು?" ಎಂದ. ಸಂಡಿಗೆ ಒಳಹೋಯಿತು, ಜಗಳ ಹೊರಗೆ ಬಂತು.

ನಾರಾಯಣಣ್ಣ ಮಾತ್ರ ಜಗಲಿಯ ಕುರ್ಚಿಯಲ್ಲೇ ಕೂತಿದ್ದ, ಕೈಯಲ್ಲಿ ಉಬ್ಬಸದ ಪಂಪು.

"ಬಾ ಕೂತ್ಕ. ನಾ ಓದಿಯೇ ಸಹಿ ಹಾಕಿದ್ದು."

"ಓದಿಯಾ?"

"ಎರಡು ಸಲ. ಬೆಳಗಿನ ಜಾವ ನೀವು ಬೆಂಕಿ ಹಾಕೂಕೂ ನಂಗೆ ಉಸ್ರು ಕಟ್ಟೂಕೂ ಸರಿಯಾಗ್ತದೆ. ಬಾಯಿ ಬಿಟ್ಟು ಹೇಳೂಕೆ ನಾಚಿಕೆ ಆತು ಮಗಾ. ಇಷ್ಟು ವರ್ಷ ನಿಮ್ಮ ಒಲೇಲಿ ನಮ್ಮನೆ ಮೆಣಸು ಒಣಗ್ಸಿದ್ದು. ತಪ್ಪು ನಂದೇ. ಬೈಯೂದಾದ್ರೆ ಬೈ."

ರೋಹಿಣಿ ಬೈಯಲಿಲ್ಲ. ಅವನ ಮೆಣಸಿನ ತಟ್ಟೆಯನ್ನು ಜಗಲಿಯ ಮೇಲಿಟ್ಟು, "ಪೈಪು ಏರಿಸ್ತ್ರಂತೆ ಇವ್ರು. ಇನ್ನು ಉಸ್ರು ಕಟ್ಟೂದಿಲ್ಲ ನಾರಾಯಣಣ್ಣಾ" ಎಂದಳು. ಹೊರಬರುವಾಗ ಅವಳಿಗೇ ಆಶ್ಚರ್ಯವಾಯಿತು. ಓದಿ ಸಹಿ ಹಾಕಿದವನ ಮನೆಯಲ್ಲಿ ಎದೆ ಹಗುರಾಗಿತ್ತು. ಓದಿಲ್ಲ ಎಂದವರ ಮನೆಗಳಲ್ಲಿ ಅಲ್ಲ.

ಕೊನೆಗೆ ಕೈಯಲ್ಲಿ ಉಳಿದದ್ದು ಒಂದೇ ತಟ್ಟೆ, ಮುರುಗಲು ಸಿಪ್ಪೆಯದು.

ಪೂರ್ಣಿಮಕ್ಕನ ಮನೆಯ ಮೇಲೆ ಹೋದ ವರ್ಷ ಮಾಳಿಗೆ ಎದ್ದಿತ್ತು. ಮೂರು ಕೋಣೆ, ಹೊಳೆ ಕಾಣುವ ಬಾಲ್ಕನಿ, ಎದುರಿಗೆ ಮಾವಿನಕುರ್ವೆ ದ್ವೀಪದ ತೆಂಗಿನ ಸಾಲು. ಹೋಂಸ್ಟೇ ಎಂದು ಉದಯ ಬೋರ್ಡು ಬರೆಸಿದ್ದ. ಅದರ ಕೆಳಗೆ ಸಣ್ಣದಾಗಿ, 'ಬೆಳಗಿನ ಉಪಾಹಾರಕ್ಕೆ ಬಿಸಿ ಯುರೋಪಿಯನ್ ಬ್ರೆಡ್' ಎಂದೂ ಇತ್ತು. ಆ ಸಾಲನ್ನು ರೋಹಿಣಿ ದಿನಕ್ಕೆ ಹತ್ತು ಸಲ ಹೆಮ್ಮೆಯಿಂದ ಓದಿದವಳು. ಇವತ್ತು ತಲೆಯೆತ್ತದೆ ಮೆಟ್ಟಿಲು ಹತ್ತಿದಳು.

ಪೂರ್ಣಿಮಕ್ಕ ಕೋಣೆಯೊಂದರಲ್ಲಿ ಹಾಸಿಗೆ ಸರಿಮಾಡುತ್ತಿದ್ದಳು. ತಟ್ಟೆ ನೋಡಿದಳು, ತಟ್ಟೆ ಹಿಡಿದವಳ ಮುಖ ನೋಡಿದಳು. ದಿಂಬನ್ನು ಕೈಯಿಂದ ಬಿಡಲಿಲ್ಲ.

"ರಾಜೇಶ ಬಂದಿದ್ನಾ?"

"ಬಂದಿದ್ದ."

"ಹೆಸ್ರು ತೋರಿಸೂಕೆ ಇಲ್ಲ ಅವ."

"ತೋರಿಸ್ಲಿಲ್ಲ. ಅಕ್ಷರ ತೋರಿಸ್ತು ಪೂರ್ಣಿಮಕ್ಕಾ. ನಿಮ್ಮ ಅಕ್ಷರ ನೋಡಿ ಗುರ್ತ ಹಿಡೀದೆ ಇರೂಕೆ ನಾನು ಕುರ್ಡಿಯಾ?"

ಪೂರ್ಣಿಮಕ್ಕ ದಿಂಬನ್ನು ಹಾಸಿಗೆಯ ಮೇಲೆ ಒಗೆದು ಮಂಚದ ಅಂಚಿಗೆ ಕೂತಳು. "ಹೌದು, ಬರೆದೆ. ಹೊಗೆ ಸುಳ್ಳಾ ಹೇಳು? ಇವು ಬಿಳಿ ಬೆಡ್‌ಶೀಟು. ಒಗೆದು ಹಾಕಿದ್ರೆ ಗಂಟೆಯೊಳಗೆ ಮಸಿ. ಹುಬ್ಬಳ್ಳಿಯಿಂದ ಬಂದ ಗಂಡ ಹೆಂಡ್ತಿ ಮೊಬೈಲಲ್ಲಿ ಎಂತ ಬರೆದ್ರು ಗೊತ್ತುಂಟಾ? 'ಹೊಗೆ ಗೂಡಿನಲ್ಲಿ ಮಲಗಿದ ಹಾಗಾಯಿತು' ಹೇಳಿ. ಒಂದು ಸ್ಟಾರು. ಆಮೇಲೆ ಒಂದು ತಿಂಗಳು ಒಂದು ನರಪಿಳ್ಳೆ ಬರ್ಲಿಲ್ಲ. ಇವ್ರು ದಿನಾ ನನ್ನ ತಲೆ ತಿಂದ್ರು."

"ನಂಗೆ ಎಂತಕೆ ಹೇಳ್ಲಿಲ್ಲ?"

"ಹೇಳೂಕೆ ಬಂದಿದ್ದೆ. ನಾಕು ಸಲ ಬಂದಿದ್ದೆ. ಬಂದಾಗೆಲ್ಲ ನೀನು 'ಅಕ್ಕಾ ತಗಳಿ' ಹೇಳಿ ಬಿಸಿ ಏಡಿ ಕೈಗಿಟ್ಟೆ. ಅದನ್ನ ಬಾಯಲ್ಲಿಟ್ಕಂಡು ಒಲೆ ಆರ್ಸು ಹೇಳಿ ಹ್ಯಾಂಗೆ ಹೇಳೂದು? ತಿಂದ್ಕಂಡು ಬಂದೆ."

"ತಿಂದ್ಕಂಡು ಬಂದು ಅರ್ಜಿ ಬರೆದ್ರಿ."

"ಬರೆಯೂದು ನಂಗೆ ಸುಲಭ ರೋಹಿಣೀ. ಮುಖ ನೋಡಿ ಹೇಳೂದು ಕಷ್ಟ."

ಆ ಮಾತು ನಿಜವೇ ಇರಬೇಕು ಎಂದು ರೋಹಿಣಿಗೂ ಅನ್ನಿಸಿತು. ಅದೇ ಅವಳಿಗೆ ಸಹಿಸಲಾಗಲಿಲ್ಲ. ಸುಳ್ಳು ಹೇಳಿದ್ದರೆ ಜಗಳವಾಡಿ ಹೋಗಬಹುದಿತ್ತು.

"ಎರಡು ಪೈಪು. ಒಂದು ದಿನದ ಕೆಲ್ಸ ಅಂತೆ. ಒಂದು ಮಾತು ಹೇಳಿದ್ರೆ ಇವ್ರು ಆವತ್ತೇ ಏರಿಸ್ತಿದ್ರು."

ಪೂರ್ಣಿಮಕ್ಕ ಕೈಬೆರಳಿನಿಂದ ಹಾಸಿಗೆಯ ಸುಕ್ಕು ತಿದ್ದಿದಳು. ಅದು ಅವಳ ಲೆಕ್ಕದಲ್ಲಿ ಇರಲೇ ಇಲ್ಲವೆಂದು ಮುಖವೇ ಹೇಳುತ್ತಿತ್ತು.

"ಹೋಗ್ಲಿ" ಎಂದಳು ರೋಹಿಣಿ. "ಹೊಗೆ ನಮ್ದು, ಅರ್ಜಿ ನಿಮ್ದು. ನನ್ನ ಅತ್ತೆ ಹೆಬ್ಬೆಟ್ಟು ಯಾರದು?"

ಕೆಳಗಡೆ ಉದಯನ ಬೈಕು ನಿಂತ ಸದ್ದಾಯಿತು. ಪೂರ್ಣಿಮಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಆ ಮನೆಯವ್ರದೇ ಒಂದು ಇದ್ರೆ ಆಫೀಸಲ್ಲಿ ಬೇಗ ನೋಡ್ತ್ರು ಹೇಳಿ ಇವ್ರು ಹೇಳಿದ್ರು. ನಂಗೆ ಮನಸ್ಸಿರ್ಲಿಲ್ಲ. ಹೆಂಗೂ ಪಿಂಚಣಿ ಕಾಗ್ದ ತಗಂಡು ಹೋಗೂದಿತ್ತು..."

"ಹೆಂಗೂ ಗಂಜಿ ತಗಂಡು ಹೋಗೂದಿತ್ತು."

"ಗಂಜಿ ಬೇರೆ. ಗಂಜಿ ನಾ ನಿಂಗೆ ಹೇಳಿಯೇ ಮಾಡಿದ್ದು. ಅದ್ರಲ್ಲಿ ಎಂತದೂ ಇರ್ಲಿಲ್ಲ." ಪೂರ್ಣಿಮಕ್ಕನ ಕಣ್ಣು ತುಂಬಿತು. "ಅದನ್ನಾದ್ರೂ ನಂಬೇ."

ರೋಹಿಣಿ ತಟ್ಟೆಯನ್ನು ಬಿಳಿ ಹಾಸಿಗೆಯ ಮೇಲಿಡಲು ಹೋಗಿ, ಮುರುಗಲು ಕಲೆಯಾದೀತು ಎಂದು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ನಾಳೆ ಅತ್ತೆನ ಕರಕಂಡು ಆಫೀಸಿಗೆ ಹೋತೆ. ಈ ಹೆಬ್ಬೆಟ್ಟು ಎಂತಕೆ ಹಾಕಿದ್ದು ಹೇಳಿ ಅವ್ರೇ ಹೇಳ್ಲಿ."

ಪೂರ್ಣಿಮಕ್ಕ ಎದ್ದು ನಿಂತಳು. "ಬೇಡ ಮಾರಾಯ್ತಿ! ಸಂಘದಲ್ಲಿ ನಂಗೆ ಕೂರೂಕೆ ಆಗೂದಿಲ್ಲ ಆಮೇಲೆ. ಇಡೀ ಕೇರಿ ಕಾಗ್ದ ನನ್ನ ಕೈಯಲ್ಲಿದೆ. ಒಬ್ರೂ ನನ್ನ ಹತ್ರ ಒಂದು ಗೆರೆ ಬರೆಸೂದಿಲ್ಲ."

"ಹಾಗಾದ್ರೆ ನೀನೇ ಹೋಗಿ ಹಿಂದೆ ತಕ."

ನೀನು ಎಂದು ಅವಳು ಪೂರ್ಣಿಮಕ್ಕನನ್ನು ಕರೆದದ್ದು ಇದೇ ಮೊದಲು. ಇಬ್ಬರಿಗೂ ಅದು ಕೇಳಿಸಿತು.

"ಇವ್ರು ಬಿಡೂದಿಲ್ಲ" ಎಂದಳು ಪೂರ್ಣಿಮಕ್ಕ, ತೀರ ಸಣ್ಣ ದನಿಯಲ್ಲಿ.

"ಅತ್ತೆ ಕೈ ಕೊಡೂವಾಗ ನಿನ್ನ ಹತ್ರ ಎಂತ ಕೇಳ್ತು?"

"ಎಂತದೂ ಕೇಳ್ಲಿಲ್ಲ. ಎರಡನೇದು ಎಂತಕೆ ಹೇಳಿ ತಮಾಷೆ ಮಾಡ್ತು, ಅಷ್ಟೇ."

"'ಓದಿ ಹೇಳು' ಹೇಳ್ಲಿಲ್ವಾ?"

"ಇಲ್ಲ. ಯಾವತ್ತೂ ಹೇಳೂದಿಲ್ಲ ಅದು."

"ಇನ್ನು ಹೇಳ್ತದೆ" ಎಂದಳು ರೋಹಿಣಿ.

ಮೆಟ್ಟಿಲಿನಲ್ಲಿ ಉದಯ ಎದುರಾದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಕೆಳಗಿನ ಅಂಗಳಕ್ಕೆ ಇಳಿಯುವಷ್ಟರಲ್ಲಿ ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸಿ, ಇಡೀ ದಿನ ತಡೆದಿದ್ದ ಮಳೆಯ ಎರಡು ದಪ್ಪ ಹನಿ ಅವಳ ತೋಳ ಮೇಲೆ ಬಿದ್ದವು. ಅಂಗಳದ ಹಗ್ಗದಲ್ಲಿ ಆರು ಬಿಳಿ ಬೆಡ್‌ಶೀಟು ಸಾಲಾಗಿ ಹಾರಾಡುತ್ತಿದ್ದವು. ಮಳೆ ಬಂದರೆ ಯಾರ ಬಟ್ಟೆ ಎಂದು ಆ ಕೇರಿಯಲ್ಲಿ ಯಾರೂ ನೋಡುವುದಿಲ್ಲ. ಹತ್ತಿರ ಇದ್ದವರು ಎಳೆದು ಒಳಗೆ ಹಾಕುವುದೇ. ರೋಹಿಣಿಯ ಕೈಯೂ ಯಾರನ್ನೂ ಕೇಳದೆ ಮೇಲೆ ಹೋಯಿತು, ಕ್ಲಿಪ್ಪು ಎರಡನ್ನೂ ಕಳಚಿತು, ಮೊದಲ ಬೆಡ್‌ಶೀಟು ಹೆಗಲ ಮೇಲೆ ಬಿತ್ತು.

ಸಾಬೂನಿನ ವಾಸನೆ. ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಎರಡು ಕರಿ ಚುಕ್ಕಿ. ಅವಳು ಒಂದನ್ನು ಬೆರಳಿನಿಂದ ಉಜ್ಜಿದಳು. ಅದು ಹೋಗಲಿಲ್ಲ, ಹರಡಿತು.

ರೋಹಿಣಿ ಆ ಬೆಡ್‌ಶೀಟನ್ನು ಹೆಗಲಿನಿಂದ ತೆಗೆದಳು. ಕೊಡವಿ, ಸುಕ್ಕಿಲ್ಲದ ಹಾಗೆ ಎಳೆದು, ಮತ್ತೆ ಹಗ್ಗದ ಮೇಲೆ ಹರವಿದಳು. ಎರಡು ಕಡೆಗೂ ಕ್ಲಿಪ್ಪು ಹಾಕಿದಳು. ಗಾಳಿಗೆ ಜಾರದಂತೆ ಒಮ್ಮೆ ಒತ್ತಿ ನೋಡಿದಳು. ಆಮೇಲೆ ಸೆರಗನ್ನು ತಲೆಗೆ ಹೊದ್ದು ಮನೆಯ ಕಡೆ ನಡೆದಳು. ಅವಳು ಬೇಕರಿಯ ಮೆಟ್ಟಿಲು ತಲುಪುವ ಹೊತ್ತಿಗೆ ಹೊಳೆಯ ಮೇಲಿಂದ ಮಳೆ ಕೇರಿಗೆ ಬಂದು ಮುಟ್ಟಿತು.